ಮಂಡಗದ್ದೆಯಿಂದ ಶಿವಮೊಗ್ಗಕ್ಕೆ ದಿನವೂ ಓಡಾಡಲು ಹಳೆಯ ವಿದ್ಯುತ್ ಕಾರು: ಕೊಳ್ಳುವ ಮೊದಲು ಏನನ್ನು ಅಳೆಯಬೇಕು?

ಪ್ರಶ್ನೆ: ನಮ್ಮ ಮನೆ ಮಂಡಗದ್ದೆಯ ಹತ್ತಿರ ಇದೆ, ಕೆಲಸ ಶಿವಮೊಗ್ಗದಲ್ಲಿ. ಹೋಗಿ ಬರಲು, ಪೇಟೆಯ ಓಡಾಟವೂ ಸೇರಿ, ದಿನಕ್ಕೆ ಸುಮಾರು 70 ಕಿಲೋಮೀಟರ್ ಆಗುತ್ತದೆ. ಶಿವಮೊಗ್ಗದ ಹಳೆ ಕಾರು ವ್ಯಾಪಾರಿಯೊಬ್ಬರ ಬಳಿ 2023ರ ಟಾಟಾ ಟಿಯಾಗೊ ಇವಿ ಇದೆ. ಬ್ಯಾಟರಿ 24 ಯೂನಿಟ್‌ನದು, ಓಡಿರುವುದು 46,000 ಕಿಲೋಮೀಟರ್, ಹೇಳುತ್ತಿರುವ ಬೆಲೆ 5.75 ಲಕ್ಷ ರೂಪಾಯಿ. ಮೊದಲ ಮಾಲೀಕರು ಬೆಂಗಳೂರಿನವರಂತೆ. ತಿಂಗಳಿಗೊಮ್ಮೆ ಅಮ್ಮನನ್ನು ಆಗುಂಬೆ ಘಟ್ಟ ಇಳಿದು ಮಣಿಪಾಲಕ್ಕೆ ಚಿಕಿತ್ಸೆಗೆ ಕರೆದುಕೊಂಡು ಹೋಗಬೇಕು. ಬ್ಯಾಟರಿ ಚೆನ್ನಾಗಿದೆಯೇ ಎಂದು ತಿಳಿಯುವುದು ಹೇಗೆ? ಮಳೆಗಾಲದಲ್ಲಿ ನಮ್ಮ ಊರಿನ ಕರೆಂಟನ್ನು ನಂಬಿಕೊಂಡು ಇಂಥ ಕಾರು ಇಟ್ಟುಕೊಳ್ಳಬಹುದೇ? ಗೃಹಜ್ಯೋತಿ ತಪ್ಪಿಹೋಗುತ್ತದೆಯೇ? ನಮ್ಮದು 30 ವರ್ಷದ ಹಂಚಿನ ಮನೆ.

ಉತ್ತರ: ಕಾರಿನ ವರ್ಷ, ಓಡಿದ ದೂರ, ಬೆಲೆ ಮೂರನ್ನೂ ನೀವು ತಿಳಿಸಿದ್ದೀರಿ. ಪೆಟ್ರೋಲ್ ಕಾರಾಗಿದ್ದರೆ ಇಷ್ಟರಿಂದಲೇ ಒಂದು ಅಂದಾಜಿಗೆ ಬರಬಹುದಿತ್ತು. ವಿದ್ಯುತ್ ಕಾರಿನ ವಿಷಯದಲ್ಲಿ ಇವುಗಳಿಗಿಂತ ಮುಖ್ಯವಾದ ಒಂದು ಸಂಖ್ಯೆ ಇದೆ: ಹೊಸದಿದ್ದಾಗ 24 ಯೂನಿಟ್ ಹಿಡಿಯುತ್ತಿದ್ದ ಆ ಬ್ಯಾಟರಿ ಈಗ ಎಷ್ಟು ಹಿಡಿಯುತ್ತಿದೆ ಎಂಬುದು. ಈ ಸಂಖ್ಯೆ ಆರ್‌ಸಿ ಪುಸ್ತಕದಲ್ಲಿ ಇರುವುದಿಲ್ಲ, ವ್ಯಾಪಾರಿಯ ಮಾತಿನಿಂದಲೂ ಸಿಗುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿಯೇ, ಒಂದು ರಾತ್ರಿಯಲ್ಲಿ, ಸಾವಿರ ರೂಪಾಯಿಯ ಆಸುಪಾಸಿನ ಒಂದು ಸಬ್ ಮೀಟರಿನಿಂದ (ಒಂದು ಸಾಕೆಟ್ಟಿನ ಬಳಕೆಯನ್ನು ಮಾತ್ರ ಅಳೆಯುವ ಪುಟ್ಟ ಮೀಟರು) ಅದನ್ನು ಅಳೆಯಬಹುದು. ಆ ಅಳತೆಯಾಗುವವರೆಗೆ ಮುಂಗಡ ಕೊಡಬೇಡಿ ಎಂಬುದು ನನ್ನ ಮೊದಲ ಮಾತು. ಅಳತೆ ಸರಿಯಾಗಿ ಬಂದರೆ ನಿಮ್ಮ ದಿನನಿತ್ಯದ ಓಡಾಟಕ್ಕೆ ಇದು ನಿಜಕ್ಕೂ ಒಳ್ಳೆಯ ಆಯ್ಕೆ. ದಿನಕ್ಕೆ 70 ಕಿಲೋಮೀಟರ್ ಎಂಬುದು ವಿದ್ಯುತ್ ಕಾರಿಗೆ ಹೇಳಿ ಮಾಡಿಸಿದಂಥ ದೂರ.

ಬ್ಯಾಟರಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಂದು ಕಿಲೋವ್ಯಾಟ್-ಅವರ್ ಎಂದರೆ ಮೆಸ್ಕಾಂ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ಟೇ. ಟಿಯಾಗೊ ಇವಿ 2022ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದಾಗ 19.2 ಯೂನಿಟ್ ಮತ್ತು 24 ಯೂನಿಟ್ ಎಂಬ ಎರಡು ಬ್ಯಾಟರಿಗಳಲ್ಲಿ ಸಿಗುತ್ತಿತ್ತು. ದೊಡ್ಡದಕ್ಕೆ 315 ಕಿಲೋಮೀಟರ್, ಚಿಕ್ಕದಕ್ಕೆ 250 ಕಿಲೋಮೀಟರ್ ಎಂದು ಪರೀಕ್ಷಾ ಲೆಕ್ಕದಲ್ಲಿ ಘೋಷಿಸಲಾಗಿತ್ತು. ಆ ಸಂಖ್ಯೆಗಳನ್ನು ಮರೆತುಬಿಡಿ. ನಮ್ಮ ಏರಿಳಿತದ ರಸ್ತೆಗಳಲ್ಲಿ, ಎಸಿ ಹಾಕಿಕೊಂಡು, ಇಬ್ಬರು ಮೂವರು ಕುಳಿತು ಹೋದಾಗ ಒಂದು ಯೂನಿಟ್ಟಿಗೆ 8 ಕಿಲೋಮೀಟರ್ ಎಂದು ಹಿಡಿದರೆ ಲೆಕ್ಕ ತಪ್ಪುವುದಿಲ್ಲ. ಬಳಕೆಗೆ ಸಿಗುವುದು 23 ಯೂನಿಟ್ ಎಂದು ಇಟ್ಟುಕೊಂಡರೆ ಹೊಸ ಬ್ಯಾಟರಿಯಲ್ಲಿ 180 ಕಿಲೋಮೀಟರ್‌ನಷ್ಟು ಓಡಬಹುದು. ಪುನರ್ವಸು ಮಳೆ ಬಿಡದೆ ಹೊಯ್ಯುವ ದಿನಗಳಲ್ಲಿ ಹಗಲಲ್ಲೂ ದೀಪ ಉರಿಯಬೇಕು, ವೈಪರ್ ಆಡುತ್ತಿರಬೇಕು, ಗಾಜಿನ ಮಂಜು ತೆಗೆಯಲು ಎಸಿ ನಡೆಯಬೇಕು, ಚಕ್ರಗಳು ನೀರನ್ನು ಸೀಳಿಕೊಂಡು ಉರುಳಬೇಕು. ಆಗ ಇನ್ನೂ ಹತ್ತು ಹದಿನೈದು ಪ್ರತಿಶತ ಕಡಿಮೆಯಾಗುತ್ತದೆ.

ಈ ಕಾರಿನಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್ ಬಗೆಯ ಬ್ಯಾಟರಿ. ಬಿಸಿಯನ್ನು ತಡೆದುಕೊಳ್ಳುವುದರಲ್ಲಿ, ಬಾಳಿಕೆಯಲ್ಲಿ ಇದು ಒಳ್ಳೆಯ ಹೆಸರು ಪಡೆದ ಬಗೆ. ಆದರೆ ಇದರ ಒಂದು ಗುಣ ಹಳೆ ಕಾರು ಕೊಳ್ಳುವವರನ್ನು ದಾರಿ ತಪ್ಪಿಸುತ್ತದೆ. ಅಡುಗೆ ಅನಿಲದ ಸಿಲಿಂಡರ್ ಖಾಲಿಯಾಗುತ್ತ ಬಂದರೂ ಕೊನೆಯವರೆಗೆ ಉರಿ ಒಂದೇ ಸಮನೆ ಇರುತ್ತದೆಯಲ್ಲವೇ, ಹಾಗೆಯೇ ಈ ಬ್ಯಾಟರಿಯ ವೋಲ್ಟೇಜ್ ಕೂಡ ತುಂಬಿದ್ದಾಗ ಮತ್ತು ಮುಕ್ಕಾಲು ಖಾಲಿಯಾದಾಗ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಆದ್ದರಿಂದ ಒಳಗೆ ಎಷ್ಟಿದೆ ಎಂಬುದನ್ನು ಕಾರಿನ ಗಣಕ ಒಳಹೋದದ್ದು ಹೊರಬಂದದ್ದರ ಲೆಕ್ಕ ಇಟ್ಟುಕೊಂಡು ಅಂದಾಜು ಮಾಡುತ್ತದೆ. ಬಹಳ ದಿನ ಪೂರ್ತಿ ಚಾರ್ಜ್ ಮಾಡದಿದ್ದರೆ ಆ ಅಂದಾಜು ಸರಿದುಹೋಗುತ್ತದೆ. ವ್ಯಾಪಾರಿಯ ಅಂಗಳದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಪರದೆಯಲ್ಲಿ 70 ಪ್ರತಿಶತ ಎಂದು ಕಂಡರೆ ಅದು ನಿಜವಾಗಿ 70 ಇರಬಹುದು, 55 ಕೂಡ ಇರಬಹುದು. ಇಷ್ಟು ಕಿಲೋಮೀಟರ್ ಓಡುತ್ತದೆ ಎಂದು ಪರದೆ ತೋರಿಸುವ ಸಂಖ್ಯೆಯೂ ಹಿಂದಿನ ಚಾಲಕರ ಓಡಿಸುವ ರೀತಿಯನ್ನು ಅವಲಂಬಿಸಿದ್ದು. ಅದನ್ನು ನೋಡಿ ಬೆಲೆ ಮಾತನಾಡಬೇಡಿ.

ಹಾಗಾಗಿ ಅಳತೆಯನ್ನು ಹೀಗೆ ಮಾಡಿ. ಕೊಳ್ಳುವ ಮುಂಗಡವಾಗಿ ಅಲ್ಲ, ಮರಳಿ ಪಡೆಯುವಂತೆ ವ್ಯಾಪಾರಿಗೆ ಸ್ವಲ್ಪ ಠೇವಣಿ ಇಟ್ಟು, ರಶೀದಿ ಪಡೆದು, ಎರಡು ರಾತ್ರಿಯ ಮಟ್ಟಿಗೆ ಕಾರನ್ನು ಮನೆಗೆ ತನ್ನಿ. ಮೊದಲ ರಾತ್ರಿ ಅದನ್ನು 100 ಪ್ರತಿಶತಕ್ಕೆ ತುಂಬಿಸಿ, ಪರದೆಯಲ್ಲಿ ನೂರು ಕಂಡ ಮೇಲೂ ಚಾರ್ಜರ್ ತಾನಾಗಿ ನಿಲ್ಲುವವರೆಗೆ ಬಿಡಿ. ಬ್ಯಾಟರಿಯೊಳಗಿನ ಕೋಶಗಳು ಒಂದಕ್ಕೊಂದು ಸಮನಾಗುವುದು, ಗಣಕದ ಲೆಕ್ಕ ಸರಿಹೋಗುವುದು ಆ ಕೊನೆಯ ಗಳಿಗೆಯಲ್ಲಿಯೇ. ಮರುದಿನ ನಿಮ್ಮ ದಿನನಿತ್ಯದ ದಾರಿಯಲ್ಲೇ ಓಡಿಸಿ. ಗಾಜನೂರು, ಸಕ್ರೆಬೈಲು ದಾಟಿ ಶಿವಮೊಗ್ಗಕ್ಕೆ ಹೋಗಿ ಬನ್ನಿ, ಸಾಲದಿದ್ದರೆ ತೀರ್ಥಹಳ್ಳಿಯ ಕಡೆಗೂ ಒಂದು ಸುತ್ತು ಹೋಗಿ ಬಂದು, 20 ಪ್ರತಿಶತಕ್ಕೆ ಇಳಿದಾಗ ಮನೆಯಲ್ಲಿ ನಿಲ್ಲಿಸಿ. ಎಷ್ಟು ಕಿಲೋಮೀಟರ್ ಓಡಿತು ಎಂದು ಬರೆದಿಟ್ಟುಕೊಳ್ಳಿ. ಆ ರಾತ್ರಿ ಸಬ್ ಮೀಟರಿನ ಮೂಲಕ 20ರಿಂದ 100ರವರೆಗೆ ಚಾರ್ಜ್ ಮಾಡಿ, ಮೊದಲು ಮತ್ತು ಕೊನೆಯಲ್ಲಿ ಮೀಟರ್ ಓದನ್ನು ಫೋಟೊ ತೆಗೆದಿಡಿ. ಗೋಡೆಯ ಪ್ಲಗ್ಗಿನಿಂದ ಹೊರಟ ಕರೆಂಟಿನಲ್ಲಿ ಹತ್ತರಿಂದ ಹದಿನೈದು ಪ್ರತಿಶತ ದಾರಿಯಲ್ಲಿಯೇ ಶಾಖವಾಗಿ ಕಳೆದುಹೋಗುತ್ತದೆ. ಅದನ್ನೂ ಸೇರಿಸಿಕೊಂಡರೆ ಆರೋಗ್ಯವಾಗಿರುವ 24 ಯೂನಿಟ್‌ನ ಬ್ಯಾಟರಿ ಈ ಎಂಬತ್ತು ಪ್ರತಿಶತಕ್ಕೆ ಸುಮಾರು 20ರಿಂದ 22 ಯೂನಿಟ್ ಎಳೆಯಬೇಕು. 19ರ ಹತ್ತಿರ ಬಂದರೆ ಮೂರು ವರ್ಷದ ಬಳಕೆಗೆ ಸಹಜವಾದ ಸವೆತ ಎಂದು ಒಪ್ಪಿಕೊಳ್ಳಬಹುದು. 19ಕ್ಕಿಂತ ಕೆಳಗಿಳಿದರೆ ಬೆಲೆ ಇಳಿಯಲೇಬೇಕು. 17 ಯೂನಿಟ್‌ಗೇ ಚಾರ್ಜರ್ ನಿಂತರೆ ಆ ಕಾರನ್ನು ಬಿಟ್ಟುಬಿಡಿ.

ಇದರ ಜೊತೆಗೆ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಬ್ಯಾಟರಿಯ ಆರೋಗ್ಯದ ವರದಿಯನ್ನೂ, ದೋಷಸಂಕೇತಗಳ ಪಟ್ಟಿಯನ್ನೂ ತೆಗೆಸಿ. ಎರಡೂ ಹೊಂದಿಕೆಯಾದರೆ ನಿಶ್ಚಿಂತೆ. ಹೊಂದದಿದ್ದರೆ ನಾನು ನಿಮ್ಮ ಮನೆಯ ಮೀಟರನ್ನೇ ನಂಬುತ್ತೇನೆ.

ಈ ಕಾರಿನ ಬ್ಯಾಟರಿ ಮತ್ತು ಮೋಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನ ವಾರಂಟಿ ಇದೆ. 2023ರ ಕಾರೆಂದರೆ 2031ರವರೆಗೆ ಎಂದಾಯಿತು. ನಿಮ್ಮ ದಿನನಿತ್ಯದ ಓಡಾಟವೇ ವರ್ಷಕ್ಕೆ 21,000 ಕಿಲೋಮೀಟರ್ ಆಗುವುದರಿಂದ, ಮಣಿಪಾಲದ ಪ್ರಯಾಣವೂ ಸೇರಿದರೆ, ಎರಡು ಮಿತಿಗಳೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಆದರೆ ಎರಡನೆಯ ಮಾಲೀಕರ ಹೆಸರಿಗೆ ವಾರಂಟಿ ಯಾವ ಷರತ್ತಿನ ಮೇಲೆ ವರ್ಗವಾಗುತ್ತದೆ, ಸಾಮರ್ಥ್ಯ ಎಷ್ಟಕ್ಕಿಂತ ಕಡಿಮೆಯಾದರೆ ಬ್ಯಾಟರಿ ಬದಲಿಸಿಕೊಡುತ್ತಾರೆ, ಹಿಂದಿನ ಸರ್ವಿಸ್‌ಗಳಲ್ಲಿ ಯಾವುದಾದರೂ ತಪ್ಪಿ ವಾರಂಟಿ ರದ್ದಾಗಿದೆಯೇ ಎಂಬ ಮೂರು ಪ್ರಶ್ನೆಗಳಿಗೆ, ಆ ಕಾರಿನ ಚಾಸಿ ಸಂಖ್ಯೆಯನ್ನು ಕೊಟ್ಟು, ಲಿಖಿತ ಉತ್ತರವನ್ನೇ ಪಡೆಯಿರಿ. ಬಾಯಿಮಾತಿನ ಭರವಸೆಗೆ ಐದು ವರ್ಷದ ನಂತರ ಬೆಲೆ ಇರುವುದಿಲ್ಲ.

ಈಗ ಮನೆಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಕಾರಲ್ಲ, 30 ವರ್ಷದ ಹಂಚಿನ ಮನೆಯ ವೈರಿಂಗ್. ಕಾರಿನೊಂದಿಗೆ ಬರುವ 15 ಆಂಪಿಯರ್ ಚಾರ್ಜರ್ ಸುಮಾರು 3 ಕಿಲೋವ್ಯಾಟ್ ಹೊರೆಯನ್ನು ಎಂಟು ಒಂಬತ್ತು ಗಂಟೆ ಎಡೆಬಿಡದೆ ಎಳೆಯುತ್ತದೆ. ಗೀಸರ್ ಕೂಡ ಅಷ್ಟೇ ಎಳೆಯಬಹುದು, ಆದರೆ ಅರ್ಧ ಗಂಟೆಯಲ್ಲಿ ನಿಲ್ಲುತ್ತದೆ. ರಾತ್ರಿಯಿಡೀ ಕಾದ ವೈರಿಗೂ ಅರ್ಧ ಗಂಟೆ ಕಾದ ವೈರಿಗೂ ಬಹಳ ವ್ಯತ್ಯಾಸವಿದೆ. ಹಾಗಾಗಿ ಮೀಟರ್ ಬೋರ್ಡಿನಿಂದಲೇ ಕಾರು ನಿಲ್ಲುವ ಜಾಗಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ವೈರನ್ನು ಪ್ರತ್ಯೇಕವಾಗಿ ಎಳೆಸಿ, ಅದಕ್ಕೆ ತನ್ನದೇ ಆದ ಎಂಸಿಬಿ (ಹೊರೆ ಮೀರಿದರೆ ಕರೆಂಟು ಕಡಿಯುವ ಸ್ವಿಚ್ಚು) ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು) ಹಾಕಿಸಿ, ಒಳ್ಳೆಯ ಕೈಗಾರಿಕಾ ದರ್ಜೆಯ ಸಾಕೆಟ್ ಕೂರಿಸಿ. ಮೆಸ್ಕಾಂ ದಾಖಲೆಯಲ್ಲಿ ನಿಮ್ಮ ಮನೆಯ ಮಂಜೂರಾದ ಲೋಡ್ ಒಂದೆರಡು ಕಿಲೋವ್ಯಾಟ್ ಮಾತ್ರ ಇದ್ದರೆ ಮೊದಲು ಅದನ್ನು ಹೆಚ್ಚಿಸಿಕೊಳ್ಳಿ.

ಅರ್ಥಿಂಗ್ ಬಗ್ಗೆ ಒಂದು ಅನುಭವ ಹೇಳುತ್ತೇನೆ. ರಿಪ್ಪನ್‌ಪೇಟೆಯ ಕಡೆಯ ಸ್ನೇಹಿತರೊಬ್ಬರು ಎರಡು ವರ್ಷದ ಹಿಂದೆ ಹಳೆಯ ವಿದ್ಯುತ್ ಕಾರೊಂದನ್ನು ಕೊಂಡರು. ಮಳೆಗಾಲವಿಡೀ ತೊಂದರೆ ಇರಲಿಲ್ಲ. ಮಾರ್ಚ್ ತಿಂಗಳು ಬರುತ್ತಿದ್ದಂತೆ ಚಾರ್ಜರಿನ ಮೇಲೆ ಕೆಂಪು ದೀಪ ಉರಿಯತೊಡಗಿತು, ಚಾರ್ಜ್ ಹಿಡಿಯಲೇ ಇಲ್ಲ. ಎರಡು ಸಲ ಕಾರನ್ನು ಸರ್ವಿಸ್‌ಗೆ ಒಯ್ದರು; ಅಲ್ಲಿ ಪ್ಲಗ್ ಹಾಕಿದರೆ ಸರಿಯಾಗಿ ಚಾರ್ಜ್ ಆಗುತ್ತಿತ್ತು. ಕೊನೆಗೆ ನಾನು ಹೋದಾಗ ಫೇಸ್ ಮತ್ತು ಅರ್ತ್ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದೆವು. ನೂರು ವ್ಯಾಟಿನ ಬಲ್ಬಿನ ತಂತಿ ಬರೀ ಕೆಂಪಗೆ ಮಿಣಮಿಣ ಎನ್ನುತ್ತಿತ್ತು. ಮನೆಯ ಹಿಂದಿನ ಅರ್ತ್ ಗುಂಡಿ ಜಂಬಿಟ್ಟಿಗೆ ನೆಲದಲ್ಲಿತ್ತು. ಮಳೆ ನಿಂತು ನಾಲ್ಕು ತಿಂಗಳಾದ ಮೇಲೆ ಒಳಗಿನ ಮಣ್ಣು ಹುರಿದ ಹಿಟ್ಟಿನಂತೆ ಒಣಗಿತ್ತು. ಎರಡು ಕೊಡ ನೀರು ಹೊಯ್ದು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಬಲ್ಬು ಬೆಳ್ಳಗೆ ಉರಿಯಿತು, ಚಾರ್ಜರಿನ ದೀಪವೂ ಹಸಿರಾಯಿತು. ಆಮೇಲೆ ಬಚ್ಚಲು ನೀರು ಹೋಗುವ ಕಡೆ ಹೊಸ ಗುಂಡಿ ತೋಡಿಸಿ, ತಾಮ್ರದ ಸರಳು ಇಳಿಸಿ, ಇದ್ದಿಲು ಉಪ್ಪು ತುಂಬಿಸಿದರು. ನಿಮ್ಮ ಮನೆಯಲ್ಲೂ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ; ಎರಡು ಮೂರು ವೋಲ್ಟಿಗಿಂತ ಹೆಚ್ಚಿದ್ದರೆ ಕಾರು ಬರುವ ಮೊದಲೇ ಅರ್ಥಿಂಗ್ ಸರಿಪಡಿಸಿ. ಅಂಗಳದಲ್ಲಿ ಒದ್ದೆ ಕಾಲಲ್ಲಿ ನಿಂತು ಪ್ಲಗ್ ಹಾಕುವವರು ನೀವು. ಮನೆಯವರ ಜೀವದ ರಕ್ಷಣೆಗೂ ಇದು ಬೇಕೇ ಬೇಕು.

ವೋಲ್ಟೇಜ್ ಕೂಡ ನೋಡಬೇಕು. ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ದೂರವಿರುವ, ಲೈನಿನ ತುದಿಯಲ್ಲಿರುವ ಒಂಟಿ ಮನೆಗಳಲ್ಲಿ ಸಂಜೆ ಎಲ್ಲರ ಮನೆಯ ದೀಪ, ಮೋಟರು ನಡೆಯುವಾಗ ವೋಲ್ಟೇಜ್ 180ಕ್ಕೆ ಇಳಿಯುವುದನ್ನು ನಾನು ಎಷ್ಟೋ ಕಡೆ ಅಳೆದಿದ್ದೇನೆ. 230 ವೋಲ್ಟಿನಲ್ಲಿ 13 ಆಂಪಿಯರ್ ಹರಿದರೆ 3 ಕಿಲೋವ್ಯಾಟ್ ಸಿಗುತ್ತದೆ, 180ರಲ್ಲಿ 2.3 ಮಾತ್ರ. ಹತ್ತು ಗಂಟೆಯ ನಂತರ ಚಾರ್ಜಿಗೆ ಹಾಕುವುದು ಒಳ್ಳೆಯದು. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಟಿವಿಯ ಪ್ಲಗ್ ಕೀಳುವಂತೆ ಕಾರಿನ ಪ್ಲಗ್ಗನ್ನೂ ಕಿತ್ತಿಡಿ, ಸಾಧ್ಯವಾದರೆ ಹಠಾತ್ತನೆ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ರಕ್ಷಕವೊಂದನ್ನು ಬೋರ್ಡಿನಲ್ಲಿ ಹಾಕಿಸಿ. ಮನೆಯ ಇನ್ವರ್ಟರಿಗೆ ಕಾರಿನ ಸಾಕೆಟ್ಟನ್ನು ಯಾವ ಕಾರಣಕ್ಕೂ ಜೋಡಿಸಬೇಡಿ.

ಮಳೆಗಾಲದ ಕರೆಂಟಿನ ಬಗ್ಗೆ ನಿಮ್ಮ ಭಯ ಸಹಜವಾದದ್ದು. ಶರಾವತಿಯ ಕರೆಂಟು ಊರೂರಿಗೆ ಹೋಗುವ ಜಿಲ್ಲೆಯಲ್ಲೇ ಮರ ಬಿದ್ದು ಎರಡು ದಿನ ಕತ್ತಲೆಯಲ್ಲಿ ಕೂರುವುದು ನಮಗೆ ಹೊಸದಲ್ಲ. ಆದರೂ ಲೆಕ್ಕ ಹಾಕಿ ನೋಡೋಣ. ದಿನಕ್ಕೆ 70 ಕಿಲೋಮೀಟರಿಗೆ 9 ಯೂನಿಟ್, ಜೋರು ಮಳೆಯಲ್ಲಿ 10 ಯೂನಿಟ್ ಬೇಕು. ಸ್ವಲ್ಪ ಸವೆದು 21 ಯೂನಿಟ್ ಹಿಡಿಯುವ ಬ್ಯಾಟರಿಯಾದರೂ ಒಮ್ಮೆ ತುಂಬಿದರೆ ಎರಡು ದಿನದ ಓಡಾಟಕ್ಕೆ ಬರುತ್ತದೆ. ಆರಿದ್ರಾದಿಂದ ಆಶ್ಲೇಷಾ ಮುಗಿಯುವವರೆಗೆ, ಕರೆಂಟ್ ಇದ್ದ ಪ್ರತಿ ರಾತ್ರಿಯೂ, ನಾಳೆ ನೋಡೋಣ ಎನ್ನದೆ ಚಾರ್ಜಿಗೆ ಹಾಕುವ ರೂಢಿ ಇಟ್ಟುಕೊಂಡರೆ ಒಂದು ರಾತ್ರಿ ಕರೆಂಟ್ ಹೋದರೂ ಕಚೇರಿ ತಪ್ಪುವುದಿಲ್ಲ. ಎರಡನೆಯ ರಾತ್ರಿಯೂ ಬಾರದಿದ್ದರೆ ಶಿವಮೊಗ್ಗದಲ್ಲಿ ಚಾರ್ಜ್ ಮಾಡಿಕೊಂಡು ಬರಬೇಕು. ಆದ್ದರಿಂದ ಕೊಳ್ಳುವ ಮೊದಲೇ ನಗರದ ಎರಡು ವೇಗದ ಚಾರ್ಜಿಂಗ್ ಕೇಂದ್ರಗಳಿಗೆ ಖುದ್ದಾಗಿ ಹೋಗಿ, ಅವು ನಡೆಯುತ್ತಿವೆಯೇ, ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತವೆ, ಹಣ ಕಟ್ಟಲು ಯಾವ ಆ್ಯಪ್ ಬೇಕು ಎಂದು ನೋಡಿಕೊಂಡು ಬನ್ನಿ. ಮೊಬೈಲಿನ ನಕ್ಷೆಯಲ್ಲಿ ಚಾರ್ಜರ್ ಕಂಡಿತು ಎಂಬುದು ಅದು ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆಯಲ್ಲ. ವ್ಯಾಪಾರಿಯ ಕಾರನ್ನು ಅಲ್ಲಿಗೇ ಒಯ್ದು ಹತ್ತು ನಿಮಿಷ ವೇಗದ ಚಾರ್ಜ್ ಹಾಕಿಸಿಯೂ ನೋಡಿ. ಕಾರಿನ ಆ ಭಾಗ ಸರಿಯಾಗಿದೆಯೇ ಎಂಬುದು ಮನೆಯ ಪ್ಲಗ್ಗಿನಿಂದ ಗೊತ್ತಾಗುವುದಿಲ್ಲ.

ಗೃಹಜ್ಯೋತಿ ತಪ್ಪುವ ಸಾಧ್ಯತೆ ಹೆಚ್ಚು. ತಿಂಗಳಿಗೆ 25 ದಿನ ಓಡಿಸಿದರೆ 1,750 ಕಿಲೋಮೀಟರ್ ಆಗುತ್ತದೆ. ನಷ್ಟವನ್ನೂ ಸೇರಿಸಿದರೆ ಗೋಡೆಯ ಮೀಟರಿನಲ್ಲಿ ಸುಮಾರು 250 ಯೂನಿಟ್ ಓಡುತ್ತದೆ. ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ಎಂಬುದು ಆ ಯೋಜನೆಯ ನಿಯಮ. ಮನೆಯ ಬಳಕೆ 90 ಯೂನಿಟ್ ಎಂದು ಹಿಡಿದರೆ ಒಟ್ಟು 340. ತೆರಿಗೆ ಮತ್ತು ಇತರ ಶುಲ್ಕ ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದರೂ 2,380 ರೂಪಾಯಿ. ಇದೇ ದೂರಕ್ಕೆ ಲೀಟರಿಗೆ 17 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ 103 ಲೀಟರ್ ಬೇಕು, ಲೀಟರಿಗೆ 103 ರೂಪಾಯಿ ಎಂದು ಹಿಡಿದರೆ 10,600 ರೂಪಾಯಿ. ಉಚಿತ ಕರೆಂಟನ್ನು ಪೂರ್ತಿ ಬಿಟ್ಟುಕೊಟ್ಟ ಮೇಲೂ ತಿಂಗಳಿಗೆ ಎಂಟು ಸಾವಿರ ರೂಪಾಯಿ ಉಳಿಯುತ್ತದೆ ಎಂದಾಯಿತು. ಕಾರಿಗೆಂದು ಬೇರೆ ಮೀಟರ್ ಪಡೆಯುವ ಅವಕಾಶ ನಿಮ್ಮ ಮನೆಗೆ ಇದೆಯೇ, ಅದರ ದರ ಎಷ್ಟು ಎಂಬುದನ್ನು ಮೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಕೇಳಿ ನೋಡಿ.

ಮಣಿಪಾಲದ ಪ್ರಯಾಣಕ್ಕೆ ಬರೋಣ. ನಿಮ್ಮಲ್ಲಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿಯ ಮೇಲೆ ಒಂದು ಕಡೆಗೆ 120 ಕಿಲೋಮೀಟರಿನ ಆಸುಪಾಸು ಎಂದು ಇಟ್ಟುಕೊಳ್ಳಿ. ಹೋಗುವಾಗ ಯೋಚನೆಯಿಲ್ಲ. ಆಗುಂಬೆಯಿಂದ ಸೋಮೇಶ್ವರದವರೆಗೆ ಹದಿನಾಲ್ಕು ತಿರುವುಗಳಲ್ಲಿ ಇಳಿಯುವಾಗ ಮೋಟರೇ ಜನರೇಟರ್ ಆಗಿ ಕಾರನ್ನು ತಡೆಹಿಡಿಯುತ್ತದೆ, ಒಂದೂಕಾಲು ಯೂನಿಟ್‌ನಷ್ಟು ಕರೆಂಟು ಬ್ಯಾಟರಿಗೆ ಮರಳುತ್ತದೆ, ಬ್ರೇಕು ಕಾಯುವುದಿಲ್ಲ. ಟಿಯಾಗೊದಲ್ಲಿ ಈ ತಡೆಯನ್ನು ಹಂತಹಂತವಾಗಿ ಹೆಚ್ಚಿಸಿಕೊಳ್ಳಬಹುದು. ಘಟ್ಟದಲ್ಲಿ ಮೂರನೆಯ ಹಂತಕ್ಕೆ ಇಡಿ. ಒಂದು ಎಚ್ಚರಿಕೆ ಮಾತ್ರ ಬೇಕು: ಬ್ಯಾಟರಿ ಪೂರ್ತಿ ತುಂಬಿದ್ದಾಗ ಮರಳಿದ ಕರೆಂಟಿಗೆ ಜಾಗವಿಲ್ಲದೆ ಈ ತಡೆ ಕೆಲಸ ಮಾಡುವುದಿಲ್ಲ. ನಿಮ್ಮ ಮನೆಯಿಂದ ಆಗುಂಬೆ ತಲುಪುವಷ್ಟರಲ್ಲಿ ಬ್ಯಾಟರಿ ಸಾಕಷ್ಟು ಇಳಿದಿರುವುದರಿಂದ ತೊಂದರೆಯಿಲ್ಲ, ಆದರೆ ಆಗುಂಬೆಯಲ್ಲೇ ರಾತ್ರಿ ಉಳಿದು ನೂರಕ್ಕೆ ತುಂಬಿಸಿ ಬೆಳಿಗ್ಗೆ ಘಟ್ಟ ಇಳಿಯಲು ಹೊರಟವರು ಇದನ್ನು ನೆನಪಿಡಬೇಕು.

ಹಿಂತಿರುಗುವ ಲೆಕ್ಕ ಬೇರೆ. ಮೂವರು ಕುಳಿತ ಕಾರು ಸುಮಾರು 1,400 ಕಿಲೋ ತೂಗುತ್ತದೆ. ಅದನ್ನು ಐನೂರು ಐನೂರೈವತ್ತು ಮೀಟರ್ ಎತ್ತರಕ್ಕೆ ಏರಿಸಲು, ಮೋಟರಿನ ನಷ್ಟವೂ ಸೇರಿ, ಸಾಮಾನ್ಯ ಖರ್ಚಿನ ಮೇಲೆ ಇನ್ನೂ ಎರಡೂವರೆ ಯೂನಿಟ್ ಬೇಕು. ಬ್ಯಾಟರಿಯ ಹತ್ತು ಹನ್ನೆರಡು ಪ್ರತಿಶತ ಆ ಒಂದು ಘಟ್ಟಕ್ಕೇ ಹೋಯಿತು. 120 ಕಿಲೋಮೀಟರಿಗೆ 15, ಘಟ್ಟಕ್ಕೆ 2.5, ಒಟ್ಟು 17.5 ಯೂನಿಟ್. 21 ಯೂನಿಟ್ ಹಿಡಿಯುವ ಬ್ಯಾಟರಿಯಲ್ಲಿ ಅದು ಎಂಬತ್ತಮೂರು ಪ್ರತಿಶತ. ಅಂದರೆ ಮಣಿಪಾಲ ಉಡುಪಿಯ ಭಾಗದಲ್ಲಿ ವೇಗದ ಚಾರ್ಜರಿನಲ್ಲಿ ತುಂಬಿಸಿಕೊಳ್ಳದೆ ಹೊರಡುವಂತಿಲ್ಲ, ಎಂಬತ್ತಕ್ಕೆ ನಿಲ್ಲಿಸುವಂತೆಯೂ ಇಲ್ಲ. ಹತ್ತರಿಂದ ಎಂಬತ್ತಕ್ಕೆ ಒಂದು ಗಂಟೆಯ ಒಳಗೆ ತಲುಪುವ ಈ ಕಾರು ಕೊನೆಯ ಇಪ್ಪತ್ತಕ್ಕೆ ನಿಧಾನವಾಗುತ್ತದೆ. ಎಲ್ಲ ಸೇರಿ ಒಂದೂವರೆ ಎರಡು ಗಂಟೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಆಸ್ಪತ್ರೆಯಲ್ಲಿ ಹೇಗೂ ಕಾಯುವ ಹೊತ್ತು ಅದು. ಆದರೆ ಅಮ್ಮನನ್ನು ಒಳಗೆ ಕೂರಿಸಿ ನೀವು ಚಾರ್ಜರ್ ಹುಡುಕಿಕೊಂಡು ಹೋಗುವಂತಾಗಬಾರದು, ಜೊತೆಗೆ ಇನ್ನೊಬ್ಬರು ಇರಲಿ. ತೀರ್ಥಹಳ್ಳಿಯಲ್ಲಿ ನೆಂಟರೋ ಪರಿಚಯದವರೋ ಇದ್ದರೆ ಅವರ ಮನೆಯ 15 ಆಂಪಿಯರ್ ಪ್ಲಗ್ಗನ್ನೂ ಅರ್ಥಿಂಗನ್ನೂ ಮುಂಚೆಯೇ ಪರೀಕ್ಷಿಸಿಟ್ಟುಕೊಳ್ಳಿ. ಎರಡು ಗಂಟೆ ಕುಳಿತು ಊಟ ಮುಗಿಸಿದರೆ ನಲವತ್ತು ಕಿಲೋಮೀಟರಿಗೆ ಆಗುವಷ್ಟು ಸಿಗುತ್ತದೆ. ಗುಡ್ಡ ಕುಸಿದು ಆಗುಂಬೆ ಮುಚ್ಚಿ ಬಾಳೆಬರೆ ಘಟ್ಟದ ಮೇಲೆ ಸುತ್ತಿ ಬರಬೇಕಾದ ದಿನ, ಅಥವಾ ಅಮ್ಮನ ಆರೋಗ್ಯ ತೀರ ನಾಜೂಕಾಗಿರುವ ದಿನ, ಬಾಡಿಗೆ ಕಾರು ಮಾಡಿಕೊಳ್ಳಿ. ಉಳಿತಾಯವಾಗುವ ಎಂಟು ಸಾವಿರದಲ್ಲಿ ಅದಕ್ಕೆ ಅವಕಾಶವಿದೆ.

ಈ ಕಾರಣಕ್ಕೇ ಅಗ್ಗವೆಂದು 19.2 ಯೂನಿಟ್‌ನ ಟಿಯಾಗೊ ಕಡೆಗಾಗಲಿ, 17.3 ಯೂನಿಟ್‌ನ ಎಂಜಿ ಕಾಮೆಟ್ ಕಡೆಗಾಗಲಿ ಹೋಗಬೇಡಿ ಎನ್ನುತ್ತೇನೆ. ಕಾಮೆಟ್ ಪೇಟೆಯೊಳಗೆ ಚೆನ್ನಾದ ಕಾರು, ಆದರೆ ಅದರ ಪುಟ್ಟ ಚಕ್ರಗಳು ನಮ್ಮ ಆಷಾಢದ ಗುಂಡಿಗಳಿಗಲ್ಲ, ಆರಂಭದ ಮಾದರಿಗಳಿಗೆ ವೇಗದ ಚಾರ್ಜಿಂಗ್ ಕೂಡ ಇಲ್ಲ. 2024ರಿಂದ ಅದನ್ನು ಬ್ಯಾಟರಿ ಬಾಡಿಗೆಯ ಯೋಜನೆಯಲ್ಲೂ ಮಾರಿದ್ದಾರೆ. ಅಂಥದ್ದನ್ನು ಕೊಂಡರೆ ಕಿಲೋಮೀಟರಿಗೆ ಇಷ್ಟೆಂಬ ಬಾಡಿಗೆ ನಿಮ್ಮ ತಲೆಯ ಮೇಲೆ ಬರುತ್ತದೆ, ಆದ್ದರಿಂದ ಬಹಳ ಅಗ್ಗದ ಕಾಮೆಟ್ ಕಂಡರೆ ಬ್ಯಾಟರಿ ಯಾರದ್ದು ಎಂದು ಕೇಳಿ. ಸಿಟ್ರೊಎನ್ ಇಸಿ3ಯಲ್ಲಿ 29.2 ಯೂನಿಟ್ ಬ್ಯಾಟರಿ ಇದೆ, ಒಳಗೆ ಜಾಗವೂ ಹೆಚ್ಚು. ಗಾಳಿಯಿಂದ ತಂಪಾಗುವ ಬ್ಯಾಟರಿ ನಮ್ಮ ಹವೆಗೆ ಸಾಕು. ಟ್ಯಾಕ್ಸಿ ಕಂಪನಿಗಳಲ್ಲಿ ದುಡಿದದ್ದೇ ಎಂಬುದನ್ನು, ಹತ್ತಿರದ ಸರ್ವಿಸ್ ಎಲ್ಲಿ ಎಂಬುದನ್ನು ತಿಳಿದು ಮುಂದುವರಿಯಿರಿ. ಮಹೀಂದ್ರ ಇ2ಒ ಮಾರಾಟ ನಿಂತು ವರ್ಷಗಳಾದವು, ಎಷ್ಟೇ ಅಗ್ಗವಾದರೂ ಬೇಡ.

ಬಾಡಿಗೆಗೆ ಓಡಿದ ಕಾರನ್ನು ಗುರುತಿಸುವುದು ಸುಲಭ. ವಿದ್ಯುತ್ ವಾಹನದ ಹಸಿರು ಫಲಕದಲ್ಲಿ ಖಾಸಗಿ ಕಾರಿಗೆ ಬಿಳಿ ಅಕ್ಷರ, ಬಾಡಿಗೆ ಕಾರಿಗೆ ಹಳದಿ ಅಕ್ಷರ ಇರುತ್ತದೆ. ಫಲಕವನ್ನು ಬದಲಿಸಿರಬಹುದಾದ್ದರಿಂದ ಪರಿವಾಹನ್ ಜಾಲತಾಣದ ದಾಖಲೆಯನ್ನೂ ನೋಡಿ. ಬಾಡಿಗೆಯ ಕಾರು ಪದೇ ಪದೇ ವೇಗದ ಚಾರ್ಜಿನಲ್ಲಿ ಬೆಂದಿರುವ ಸಾಧ್ಯತೆ ಹೆಚ್ಚು.

ಕಾರಿನ ಕೆಳಭಾಗವನ್ನು ಲಿಫ್ಟಿಗೆ ಏರಿಸಿ ನೋಡುವುದನ್ನು ತಪ್ಪಿಸಬೇಡಿ. ಬ್ಯಾಟರಿ ಇರುವುದು ನೆಲದಡಿಯಲ್ಲಿ. ಅದರ ಪೆಟ್ಟಿಗೆಗೆ ಐಪಿ67 ದರ್ಜೆಯಿದೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ನೀರು ಒಳಹೋಗದಂತೆ ಮಾಡಿದ್ದು. ಆ ಮಾತು ಪೆಟ್ಟಿಗೆ ಅಖಂಡವಾಗಿರುವವರೆಗೆ ಮಾತ್ರ. ಕಲ್ಲು ಬಡಿದು ತಗ್ಗಾಗಿದ್ದರೆ, ಅಂಚಿನ ಬೋಲ್ಟುಗಳನ್ನು ಬಿಚ್ಚಿ ಹಾಕಿದ ಗುರುತಿದ್ದರೆ, ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಕಾರಣ ಕೇಳಿ. ಒಳಗೆ ನೆಲಹಾಸನ್ನು ಎತ್ತಿ ಮೂಸಿ ನೋಡಿ, ಸೀಟಿನ ಕಂಬಿಗಳಲ್ಲಿ ತುಕ್ಕು, ಒಣಗಿದ ಕೆಸರು ಇದೆಯೇ ಎಂದು ಬೆರಳಾಡಿಸಿ. ಬೆಂಗಳೂರಿನ ನೆರೆಯಲ್ಲಿ ನಿಂತ ಕಾರುಗಳು ಮಲೆನಾಡಿನವರೆಗೆ ಬರುತ್ತವೆ.

ಬಾನೆಟ್ ತೆರೆದಾಗ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಕಾಣುತ್ತವೆ. ಅವು ಮುಖ್ಯ ಬ್ಯಾಟರಿಯ ಹೆಚ್ಚಿನ ವೋಲ್ಟೇಜ್ ಹೊತ್ತವು, ಮುಟ್ಟಬೇಡಿ, ಕಣ್ಣಿನಿಂದಲೇ ಉದ್ದಕ್ಕೂ ನೋಡಿ. ಇದನ್ನು ಕೊಂಡ ಮೇಲೂ ನೋಡುತ್ತಿರಬೇಕು. ಅಡಿಕೆ ದಾಸ್ತಾನಿನ ಮಾಡಿನಲ್ಲೇ ಕಾರು ನಿಲ್ಲಿಸುವ ಮನೆಗಳಲ್ಲಿ ಇಲಿಗಳ ಕಾಟ ವಿಪರೀತ. ಒಂದು ಕಾರಿನಲ್ಲಿ ಕಿತ್ತಳೆ ಹೊದಿಕೆಯ ಮೇಲೆ ಸಾಲಾಗಿ ಹಲ್ಲಿನ ಗುರುತು, ಪಕ್ಕದ ಮೂಲೆಯಲ್ಲಿ ಅಡಿಕೆ ಸಿಪ್ಪೆಯ ಗೂಡು ಕಂಡಿದ್ದೇನೆ. ಕೇಬಲ್ ಒಳಗಿನವರೆಗೆ ತಿಂದಿರಲಿಲ್ಲವಾದರೂ ಪೂರ್ತಿ ಜೋಡಣೆಯನ್ನೇ ಬದಲಿಸಬೇಕಾಯಿತು, ಖರ್ಚು ಐದಂಕಿಗೆ ಹೋಯಿತು. ಇಲಿ ಕಡಿತಕ್ಕೆ ವಿಮೆ ಬರುತ್ತದೆಯೇ ಎಂದು ಪಾಲಿಸಿಯಲ್ಲಿ ಓದಿಕೊಳ್ಳಿ.

ಸಾಧಾರಣ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದೂ ಇರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. 2023ರದ್ದೇ ಇದ್ದರೆ ಬದಲಿಸುವ ಹಣವನ್ನು ಬೆಲೆಯಲ್ಲಿ ಕಳೆಯಿರಿ. ಬ್ರೇಕ್ ಡಿಸ್ಕುಗಳನ್ನೂ ನೋಡಿ. ಮೋಟರೇ ತಡೆಯುವುದರಿಂದ ಬ್ರೇಕು ಕಡಿಮೆ ಸವೆಯುತ್ತದೆ, ಅದೇ ಕಾರಣಕ್ಕೆ ನಮ್ಮ ತೇವದಲ್ಲಿ ತುಕ್ಕು ಹಿಡಿಯುತ್ತದೆ. ಟೈರುಗಳು ನಾಲ್ಕೂ ಹೇಗಿವೆ, ಸ್ಟೆಪ್ನಿ ಇದೆಯೇ ಅಥವಾ ಪಂಕ್ಚರ್ ಕಿಟ್ ಮಾತ್ರವೇ ಎಂದು ತಿಳಿಯಿರಿ. ಆಗುಂಬೆಯ ಕಾಡಿನಲ್ಲಿ ಟೈರು ಸೀಳಿದರೆ ಕಿಟ್ಟಿನಿಂದ ಏನೂ ಆಗುವುದಿಲ್ಲ. ಚಾರ್ಜರ್ ಕೇಬಲ್ ಮತ್ತು ಎರಡು ಕೀಲಿಗಳು ಕೈಗೆ ಬರಬೇಕು. ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟಿನದೇ 7.2ರದೇ ಎಂದು ಕೇಳಿ, 7.2 ಇದ್ದರೆ ಬೆಲೆಗೆ ಸ್ವಲ್ಪ ತೂಕವಿದೆ.

ಕಾಗದಪತ್ರಗಳಲ್ಲಿ ಹಳೆಯ ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ನಮೂನೆ 35, ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ವ್ಯಾಪಾರಿಯಿಂದ ಕೊಳ್ಳುವಾಗ ಜಿಎಸ್‌ಟಿ ಎಂದು ಬೆಲೆಯ ಮೇಲೆ 18 ಪ್ರತಿಶತ ಸೇರಿಸಿದರೆ ಒಪ್ಪಬೇಡಿ. 2024ರ ಡಿಸೆಂಬರಿನ ತೀರ್ಮಾನದಂತೆ ಆ ದರ ಅವರ ಲಾಭದ ಅಂತರಕ್ಕೆ ಮಾತ್ರ ಅನ್ವಯಿಸುತ್ತದೆ, ಇಡೀ ಬೆಲೆಗಲ್ಲ. ಮೊಬೈಲ್ ಆ್ಯಪಿನಲ್ಲಿ ಹಿಂದಿನ ಮಾಲೀಕರ ಖಾತೆಯನ್ನು ಅವರಿಂದಲೇ ತೆಗೆಸಿ ನಿಮ್ಮದನ್ನು ಸೇರಿಸಿಕೊಳ್ಳಿ, ಇಲ್ಲವಾದರೆ ನಿಮ್ಮ ಕಾರು ಎಲ್ಲಿದೆ ಎಂದು ಅವರಿಗೆ ಕಾಣುತ್ತಲೇ ಇರುತ್ತದೆ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಮೀಟರಿನಲ್ಲಿ 20 ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಬಂದು, ವಾರಂಟಿ ನಿಮ್ಮ ಹೆಸರಿಗೆ ಬರುವುದು ಲಿಖಿತವಾಗಿ ಖಚಿತವಾದರೆ 5.5 ಲಕ್ಷಕ್ಕೆ ಕೊಳ್ಳಬಹುದು. 18ರಿಂದ 19ರ ನಡುವೆ ಇದ್ದರೆ 5 ಲಕ್ಷಕ್ಕಿಂತ ಮೇಲೆ ಹೋಗಬೇಡಿ. ವೈರಿಂಗ್, ಅರ್ಥಿಂಗ್, ಸಾಕೆಟ್ಟಿಗೆಂದು ಪ್ರತ್ಯೇಕವಾಗಿ ಹದಿನೈದು ಇಪ್ಪತ್ತು ಸಾವಿರ ಎತ್ತಿಡಿ, ಆ ಕೆಲಸ ಕಾರಿಗಿಂತ ಮೊದಲು ಮುಗಿಯಲಿ. ಏಕೆಂದರೆ ಅಳತೆಯ ಆ ಎರಡು ರಾತ್ರಿಗೂ ಅದೇ ಸಾಕೆಟ್ ಬೇಕು. ಅಳೆದ ಮೇಲೆ ಮೀಟರಿನ ಎರಡು ಓದುಗಳನ್ನೂ, ಆ ದಿನ ಓಡಿದ ಕಿಲೋಮೀಟರನ್ನೂ ಬರೆದು ಕಳಿಸಿ, ಹಣ ಕಟ್ಟುವ ಮೊದಲು ಒಟ್ಟಿಗೆ ನೋಡೋಣ.